ಮನೆಯೊಳಗಿನ ವಿಮಾನಕ್ಕೆ ಪುಟ್ಟ ಪರದೆ
(ಭಾಂಡುಪಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯಲ್ಲಿ ವಿಮಾನದ ಮಾತೇಕೆಂದು ತಾವು ಕೇಳಬಹುದು. ಘಾಟಕೋಪರದ ಮೇಲೆ ತಗ್ಗಿ ಬರುವ ವಿಮಾನಗಳನ್ನು ನೋಡುತ್ತ ಬೆಳೆದ ನಮ್ಮ ಭಾಂಡುಪಿನ ಮಕ್ಕಳಿಗೆ ತಾವೂ ವಿಮಾನ ನಡೆಸಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ವಾಣಿಜ್ಯ ವಿಮಾನಚಾಲಕರ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದರ ವೆಚ್ಚವೋ ಮಧ್ಯಮವರ್ಗದವರ ಎದೆ ನಡುಗಿಸುವಂಥದು. ಅಂಥ ಹುಡುಗನೊಬ್ಬ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತ ಕುಳಿತರೆ ಹಿರಿಯರು ಅದನ್ನು ಆಟವೆಂದು ತಳ್ಳಿಬಿಡುತ್ತಾರೆ. ಆ ಆಟವನ್ನೇ ಪಾಠವಾಗಿಸಬಲ್ಲ ಒಂದು ಸಣ್ಣ ಉಪಕರಣವನ್ನು ಕುರಿತು ನಾವು ಎರಡು ಮಾತು ಹೇಳಬಯಸುತ್ತೇವೆ.

ಅದು ಏಳು ಅಂಗುಲದ ಒಂದು ಸ್ಪರ್ಶಪರದೆ. ಅದರ ಬೆನ್ನಿಗೆ ರಾಸ್ಪ್‌ಬೆರಿ ಪೈ ಎಂಬ, ಇಸ್ಪೀಟೆಲೆಯಷ್ಟಗಲದ ಕಂಪ್ಯೂಟರು. ದೊಡ್ಡ ಕಂಪ್ಯೂಟರು ಹೊರಗಿನ ಆಕಾಶ, ನೆಲಗಳನ್ನು ಚಿತ್ರಿಸುತ್ತದೆ. ಎಕ್ಸ್-ಪ್ಲೇನ್‌ನಂಥ ತಂತ್ರಾಂಶವು ವೇಗ, ಎತ್ತರ, ವಾಲುವಿಕೆಗಳ ಅಂಕಿಗಳನ್ನು ಮನೆಯ ವೈ-ಫೈ ಮೂಲಕ ಕಳಿಸುತ್ತದೆ. ಏರ್ ಮ್ಯಾನೇಜರ್ ಎಂಬ ಇನ್ನೊಂದು ತಂತ್ರಾಂಶವು ಅವನ್ನು ಪುಟ್ಟ ಪರದೆಯ ಮೇಲೆ ದುಂಡು ಮಾಪಕಗಳಾಗಿ ತೋರಿಸುತ್ತದೆ. ಮುಖ್ಯ ಮಾಪಕಗಳು ಆರು: ವೇಗ, ದಿಗಂತ, ಎತ್ತರ, ತಿರುವು, ದಿಕ್ಕು, ಏರಿಳಿತ.

ಸ್ಪರ್ಶಪರದೆಗೊಂದು ಕೊರತೆಯುಂಟು. ನಿಜವಾದ ಗುಂಡಿಯನ್ನು ಕೈ ತಡವಿ ಕಂಡುಕೊಳ್ಳುತ್ತದೆ. ಗಾಜಿನ ಮೇಲಿನ ಗುಂಡಿಯನ್ನು ಕಣ್ಣೇ ಹುಡುಕಬೇಕು. ಅಷ್ಟು ಹೊತ್ತು ಕಣ್ಣು ಮಾಪಕಗಳನ್ನು ಬಿಟ್ಟಿರುತ್ತದೆ. ಆದ್ದರಿಂದ ತಿರುಗಿಸುವ ಗುಂಡಿ ಒಂದೆರಡನ್ನು ಪಕ್ಕದಲ್ಲೇ ಜೋಡಿಸಿಕೊಂಡು, ಪರದೆಯನ್ನು ಹೆಚ್ಚಾಗಿ ನೋಡುವುದಕ್ಕೇ ಬಿಡುವುದು ಲೇಸು.

ಕಣ್ಣಿನ ಈ ಅಭ್ಯಾಸಕ್ಕೆ ಇಷ್ಟು ಬೆಲೆಯೇಕೆ? 1978ರ ಜನವರಿ 1ರ ರಾತ್ರಿ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ವಿಮಾನವು ಸಾಂತಾಕ್ರೂಜಿನಿಂದ ಏರಿದ ಎರಡು ನಿಮಿಷದೊಳಗೆ ಬಾಂದ್ರಾದಾಚೆಯ ಸಮುದ್ರಕ್ಕೆ ಬಿದ್ದಿತು. 213 ಮಂದಿ ತೀರಿಕೊಂಡರು. ಕತ್ತಲ ಕಡಲಿನ ಮೇಲೆ ಕಣ್ಣಿಗೆ ದಿಗಂತ ಕಾಣುವಂತಿರಲಿಲ್ಲ. ಕ್ಯಾಪ್ಟನರ ಮುಂದಿನ ದಿಗಂತಸೂಚಕ ಕೆಟ್ಟಿತ್ತು. ವಿಮಾನವು ಎಡಕ್ಕೆ ವಾಲುತ್ತ ಹೋಯಿತು. ಉಳಿದ ಮಾಪಕಗಳ ಆಧಾರದಿಂದ ಅದನ್ನು ಹತೋಟಿಗೆ ತರಲಾಗಲಿಲ್ಲವೆಂದು ತನಿಖೆ ಹೇಳಿತು.

ಈ ಪಾಠವನ್ನು ಪುಟ್ಟ ಪರದೆಯ ಮುಂದೆ ಯಾವ ಅಪಾಯವೂ ಇಲ್ಲದೆ ಕಲಿಯಬಹುದು. ಹುಡುಗನು ರಾತ್ರಿಯ ಹಾರಾಟವನ್ನು ಆರಿಸಿಕೊಳ್ಳಲಿ. ತಂಗಿಯೋ ಗೆಳೆಯನೋ ಅವನಿಗೆ ತಿಳಿಯದಂತೆ ದಿಗಂತಸೂಚಕವನ್ನು ಕೆಡಿಸಿಡಲಿ. ದಿಗಂತಸೂಚಕ ಬಲಕ್ಕೆ ವಾಲಿದೆ ಎನ್ನುತ್ತದೆ. ತಿರುವುಸೂಚಕ ನೆಟ್ಟಗಿದೆ, ದಿಕ್ಕಿನ ಅಂಕಿ ಕದಲಿಲ್ಲ. ಹಾಗಾದರೆ ಸುಳ್ಳಾಡುತ್ತಿರುವುದು ಯಾವುದು? ಒಂದನ್ನೇ ನಂಬದೆ ಉಳಿದವನ್ನೂ ಕೇಳಿ ತೀರ್ಮಾನಿಸುವುದೇ ವಿದ್ಯೆ. ಈ ದಾರಿಯೇನೂ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿಯೇ ನೆಲದ ಮೇಲೆ ಹಾರಾಟ ಕಲಿಸುವ ಯಂತ್ರವನ್ನು ನಿರ್ಮಿಸಿದ್ದರು.

ಮನೆಯಲ್ಲಿ ಕಳೆದ ಗಂಟೆಗಳು ಪರವಾನಗಿಯ ಲೆಕ್ಕಕ್ಕೆ ಸೇರುವುದಿಲ್ಲ. ಗುರುವಿಲ್ಲದೆ ಬೆಳೆದ ಕೆಟ್ಟ ಅಭ್ಯಾಸವನ್ನು ಬಿಡಿಸುವುದೂ ಕಷ್ಟ. ಆದರೆ ಮಾಪಕಗಳನ್ನು ಓದಬಲ್ಲವನು ತರಬೇತಿಯ ದುಬಾರಿ ಗಂಟೆಗಳನ್ನು ಅಕ್ಷರಾಭ್ಯಾಸಕ್ಕೆ ಕಳೆಯಬೇಕಾಗಿಲ್ಲ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳು ಆ ಪರದೆಯ ಮುಂದೆ ಕುಳಿತಾಗ ತಾವೂ ಪಕ್ಕದಲ್ಲಿ ಕುಳಿತು, ಒಂದೊಂದು ಮಾಪಕವೂ ಏನು ಹೇಳುತ್ತದೆಂದು ಕನ್ನಡದಲ್ಲಿ ವಿವರಿಸಲು ಹೇಳಿರಿ. ತಾಯ್ನುಡಿಯಲ್ಲಿ ತಿಳಿಯಹೇಳಲು ಬಂದರೆ ವಿಷಯ ಅವರ ಮನಸ್ಸಿಗೆ ಹತ್ತಿದೆಯೆಂದೇ ಅರ್ಥ.