ಮುಟ್ಟಿನ ತೊಂದರೆ ಮತ್ತು ಮನಸ್ಸಿನ ನೆಮ್ಮದಿ

(ಸಭಾಸದ ಕುಟುಂಬಗಳ ಮಹಿಳಾ ಮೇಳಾವದಲ್ಲಿ ಮಾಡಿದ ಭಾಷಣ)



ಕಬ್ಬಿಗೆ ಗೊಣ್ಣೆಹುಳ ಬಿದ್ದರೆ ನಾವು ಅಂದೇ ಕೃಷಿ ಅಧಿಕಾರಿಯನ್ನು ಕಾಣಲು ಓಡುತ್ತೇವೆ. ಮನೆಯ ಮಗಳಿಗೆ ಮೂರು ತಿಂಗಳು ಮುಟ್ಟು ಬರದಿದ್ದರೆ ಮಾತ್ರ "ಯಾರ ಮುಂದೂ ಹೇಳಬೇಡ" ಎಂದು ಬಾಯಿ ಮುಚ್ಚಿಸುತ್ತೇವೆ. ಆ ಮುಚ್ಚಿಟ್ಟ ಮಾತನ್ನೇ ನಾನು ಈ ದಿನ ಎತ್ತಿಕೊಂಡಿದ್ದೇನೆ.

ವೈದ್ಯರು ಪಿ.ಸಿ.ಓ.ಎಸ್. ಎಂದು ಕರೆಯುವ ತೊಂದರೆಯೊಂದುಂಟು. 1935ರಲ್ಲಿ ಅಮೇರಿಕದ ಚಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದರು. ಆದರೆ ಇದು ದೂರದ ದೇಶದ ಬೇನೆಯಲ್ಲ. ನಮ್ಮ ನೆರೆಯ ಆಂಧ್ರದ ಅನಂತಪುರದಲ್ಲಿ 15ರಿಂದ 18 ವಯಸ್ಸಿನ 460 ವಿದ್ಯಾರ್ಥಿನಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 9 ಮಂದಿಯಲ್ಲಿ ಇದು ಕಂಡುಬಂದುದಾಗಿ 2011ರಲ್ಲಿ ವರದಿಯಾಯಿತು. ಅಂದಮೇಲೆ ನಮ್ಮ ಒಂದೊಂದು ಓಣಿಯಲ್ಲಿಯೂ ಇಂಥವರು ಇದ್ದೇ ಇರುತ್ತಾರೆ.

ಕಬ್ಬಿನ ಬುಡದಲ್ಲಿ ಮರಿಗಳು ಹತ್ತಾರು ಒಡೆದು, ಒಂದೂ ಪೂರ್ತಿ ಬೆಳೆಯದೆ ನಿಂತುಬಿಡುವುದನ್ನು ನೀವು ನೋಡಿದ್ದೀರಿ. ಇಲ್ಲಿಯೂ ಹಾಗೆಯೇ. ಅಂಡಾಶಯದಲ್ಲಿ ಹಲವು ಅಂಡಗಳು ಬೆಳೆಯತೊಡಗಿ ಅರ್ಧಕ್ಕೇ ನಿಲ್ಲುತ್ತವೆ. ಸೋನೋಗ್ರಾಫಿಯಲ್ಲಿ ಕಾಣುವ ಸಣ್ಣ ಸಣ್ಣ ಗುಳ್ಳೆಗಳು ಇವೇ. ಅವು ಕ್ಯಾನ್ಸರಿನ ಗಡ್ಡೆಗಳಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು, ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಹೆಣ್ಣಿನಲ್ಲಿಯೂ ಏರುವುದು, ಇವೆರಡೂ ಇದರಲ್ಲಿ ಸೇರಿವೆ. ಆದ್ದರಿಂದ ಮುಟ್ಟು ತಪ್ಪುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ಮೊಡವೆ ಏಳುತ್ತವೆ, ಕೆಲವರಿಗೆ ತೂಕ ಏರುತ್ತದೆ, ಗರ್ಭ ನಿಲ್ಲುವುದು ತಡವಾಗುತ್ತದೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ಇದರಲ್ಲಿ ಆ ಮಗಳ ತಪ್ಪು ಏನಿದೆ?

ತಪ್ಪಿಲ್ಲದಿದ್ದರೂ ಶಿಕ್ಷೆ ಅವಳಿಗೇ. "ಇವಳಿಗೆ ಮೀಸೆ ಬಂದಾವ ನೋಡ್ರಿ" ಎಂದು ಮದುವೆಯ ಪೆಂಡಾಲಿನಲ್ಲಿ ನಗುತ್ತಾರೆ. "ನಿಮ್ಮ ಸೊಸಿಗೆ ಇನ್ನೂ ಏನೂ ಇಲ್ಲೇನ್ರಿ?" ಎಂದು ನೀರಿಗೆ ಹೋದಲ್ಲಿ ಕೇಳುತ್ತಾರೆ. ಕೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡವಳು ರಾತ್ರಿಯೆಲ್ಲ ಎಚ್ಚರವಿರುತ್ತಾಳೆ. ಈ ತೊಂದರೆಯುಳ್ಳವರಲ್ಲಿ ಖಿನ್ನತೆ, ಆತಂಕಗಳು ಉಳಿದವರಿಗಿಂತ ಹೆಚ್ಚೆಂಬುದು ಈಗ ಸ್ಪಷ್ಟವಾಗಿದೆ. 2023ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೊರಡಿಸಿದ ಮಾರ್ಗಸೂಚಿಯು, ಇಂಥ ಪ್ರತಿಯೊಬ್ಬ ಹೆಣ್ಣುಮಗಳ ಮನಸ್ಸಿನ ಸ್ಥಿತಿಯನ್ನೂ ವೈದ್ಯರು ವಿಚಾರಿಸಲೇಬೇಕೆಂದು ಹೇಳುತ್ತದೆ.

ಮನಸ್ಸಿನ ಈ ಭಾರವನ್ನು ಇಳಿಸಲು ಧ್ಯಾನವು ಒಂದು ಆಸರೆ. ಅಥೆನ್ಸ್ ನಗರದಲ್ಲಿ ಪಿ.ಸಿ.ಓ.ಎಸ್. ಇದ್ದ 38 ಹೆಂಗಸರಲ್ಲಿ ಕೆಲವರಿಗೆ ಎಂಟು ವಾರ ಧ್ಯಾನ, ಉಸಿರಿನ ಅಭ್ಯಾಸ ಕಲಿಸಿ ನೋಡಿದರು. ಕಲಿತವರಲ್ಲಿ ಒತ್ತಡ, ಆತಂಕ, ಖಿನ್ನತೆ ಇಳಿದುವೆಂದು 2015ರಲ್ಲಿ ಪ್ರಕಟಿಸಿದರು. ಅನಂತಪುರದ ಸುಮಾರು 90 ಹುಡುಗಿಯರಲ್ಲಿ ಅರ್ಧ ಜನಕ್ಕೆ ದಿನಕ್ಕೊಂದು ತಾಸಿನಂತೆ 12 ವಾರ ಆಸನ, ಪ್ರಾಣಾಯಾಮ, ಧ್ಯಾನ ಮಾಡಿಸಿದರು; ಉಳಿದವರಿಗೆ ಬರಿಯ ವ್ಯಾಯಾಮ. ಯೋಗ ಮಾಡಿದವರ ಆತಂಕದ ಸ್ವಭಾವ ಹೆಚ್ಚು ಇಳಿಯಿತೆಂದು 2012ರಲ್ಲಿ ವರದಿಯಾಯಿತು. ಇವು ಸಣ್ಣ ಪ್ರಯೋಗಗಳು. ಒಂದು ಹೊಲದ ಇಳುವರಿ ನೋಡಿ ಇಡೀ ತಾಲೂಕಿನ ಲೆಕ್ಕ ಹಾಕಬಾರದು. ಆದರೂ ಖರ್ಚಿಲ್ಲದ ಈ ಅಭ್ಯಾಸವನ್ನು ಮಾಡಿ ನೋಡಲು ಇಷ್ಟು ಆಧಾರ ಸಾಕು.

ಮಾಡುವ ಬಗೆ ಸುಲಭ. ಬೆಳಿಗ್ಗೆ ರೊಟ್ಟಿ ಬಡಿಯಲು ಕೂಡ್ರುವ ಮೊದಲು ಹತ್ತು ನಿಮಿಷ ತೆಗೆದಿಡಿರಿ. ಚಾಪೆಯ ಮೇಲಾಗಲಿ, ಗೋಡೆಗೆ ಒರಗಿಯಾಗಲಿ ಕುಳಿತು ಕಣ್ಣು ಮುಚ್ಚಿರಿ. ಉಸಿರನ್ನು ಬಿಗಿಹಿಡಿಯಬೇಡಿರಿ, ಅದು ಮೂಗಿನಲ್ಲಿ ಬಂದು ಹೋಗುವುದನ್ನು ಸುಮ್ಮನೆ ಗಮನಿಸಿರಿ. ಎರಡು ಉಸಿರು ಮುಗಿಯುವುದರೊಳಗೆ ಮನಸ್ಸು ಅತ್ತೆಯ ಮಾತಿಗೋ, ಸಾಲದ ಕಂತಿಗೋ ಓಡುತ್ತದೆ. ಬೈದುಕೊಳ್ಳಬೇಡಿರಿ. ಬದು ದಾಟಿದ ಕರುವನ್ನು ಹೊಡೆಯದೆ ಕರೆತರುವಂತೆ ಅದನ್ನು ಮತ್ತೆ ಉಸಿರಿಗೆ ಕರೆತನ್ನಿರಿ. ಹೀಗೆ ಕರೆತರುವುದೇ ಅಭ್ಯಾಸ. ರಾತ್ರಿ ಮಲಗಿದಾಗ ಕಾಲ ಬೆರಳಿನಿಂದ ನೆತ್ತಿಯವರೆಗೆ ಒಂದೊಂದು ಅಂಗಕ್ಕೆ ಲಕ್ಷ್ಯ ಕೊಟ್ಟು ಅದನ್ನು ಸಡಿಲ ಬಿಡಿರಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವವರಿಗೆ, ವಿಠ್ಠಲನ ನಾಮ ಸ್ಮರಿಸುವವರಿಗೆ, ನಮಾಜು ಮಾಡುವವರಿಗೆ ಒಂದೆಡೆ ಮನಸ್ಸು ನಿಲ್ಲಿಸುವುದು ಹೊಸತಲ್ಲ. ಉಸಿರು ಎಲ್ಲ ಜಾತಿಯವರದೂ ಹೌದು.

ಒಂದು ಎಚ್ಚರಿಕೆ. ಧ್ಯಾನವು ಔಷಧದ ಬದಲಿಯಲ್ಲ. ಅದರಿಂದ ಅಂಡಾಶಯ ನೆಟ್ಟಗಾಗುತ್ತದೆಂದು ಹೇಳಿ ಹಣ ಕೇಳುವವರನ್ನು ನಂಬಬೇಡಿರಿ. ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರನ್ನು ಕಾಣಲೇಬೇಕು, ಏಕೆಂದರೆ ಬಹುಕಾಲ ಹಾಗೆಯೇ ಬಿಟ್ಟರೆ ಗರ್ಭಕೋಶದ ಒಳಪೊರೆ ದಪ್ಪಗಾಗಿ ಅಪಾಯ ತರಬಹುದು. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಬೇಕು. ಮಕ್ಕಳು ತಡವಾದರೂ ಚಿಕಿತ್ಸೆಯಿಂದ ಬಹಳಷ್ಟು ಮಂದಿಗೆ ಆಗುತ್ತವೆ. ಕಣ್ಣು ಮುಚ್ಚಿ ಕುಳಿತಾಗ ದುಃಖ ಇನ್ನೂ ಉಕ್ಕಿ ಬಂದರೆ ನಿಲ್ಲಿಸಿ, ನಂಬಿಕೆಯವರೊಡನೆ ಮಾತಾಡಿರಿ. ಬದುಕೇ ಬೇಡವೆನಿಸಿದರೆ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ಹೇಳಿರಿ, ವೈದ್ಯರ ಬಳಿಗೆ ಹೋಗಿರಿ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಪುಕ್ಕಟೆಯಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಕೊನೆಗೆ ಅತ್ತೆಯಂದಿರಿಗೂ ಗಂಡಸರಿಗೂ ಒಂದು ಮಾತು. ಸೊಸೆ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ಮನಸ್ಸು ಹಗುರ ಮಾಡಿಕೊಂಡು ಎದ್ದ ಕೂಡಲೇ ನಾವು ಒಂದು ಚುಚ್ಚುಮಾತು ಆಡಿದರೆ ಅವಳ ಅಭ್ಯಾಸವೆಲ್ಲ ನೀರುಪಾಲು. ಆ ಹತ್ತು ನಿಮಿಷ ಮಗುವನ್ನು ನೀವು ಎತ್ತಿಕೊಳ್ಳಿರಿ, ಒಲೆಯನ್ನು ನೀವು ನೋಡಿಕೊಳ್ಳಿರಿ. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಿರಿ. ಧ್ಯಾನ ಅವಳು ಮಾಡಲಿ. ಬಾಯಿಯ ಸಂಯಮವನ್ನು ನಾವು ಮಾಡೋಣ.