ಚಳಿಗೆ ಯಾವ ಹೀಟರ್?



ಮಸಿನಗುಡಿಯಿಂದ ಸ್ವೆಟರ್ ಹಾಕಿಕೊಂಡು ಹೊರಟವರು ಕಲ್ಲಟ್ಟಿಯ 36 ತಿರುವು ಹತ್ತಿ ಊಟಿ ಸೇರುವ ಹೊತ್ತಿಗೆ ಶಾಲು ಹುಡುಕುತ್ತಾರೆ. ಮಸಿನಗುಡಿ, ಗೂಡಲೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಉದಕಮಂಡಲ 2,200 ಮೀಟರಿಗೂ ಮೇಲೆ. ಕೆಳಗಿನವರಿಗೆ ಮನೆಯಲ್ಲಿ ಹಸುಗೂಸೋ ವಯಸ್ಸಾದವರೋ ಇದ್ದರೆ ಮಾತ್ರ ಹೀಟರ್ ಬೇಕಾದೀತು. ಮೇಲಿನವರಿಗೆ ಡಿಸೆಂಬರ್, ಜನವರಿ ಕಳೆಯುವುದೇ ಕಷ್ಟ.

ಅದಕ್ಕೇ ಅಲ್ಲವೇ, ತಮಿಳಿನಲ್ಲಿ ಕರಿ ಎನ್ನುವ ಇದ್ದಿಲನ್ನು ಅಗ್ಗಿಷ್ಟಿಕೆಗೆ ಹಾಕಿ, ಬಾಗಿಲು ಕಿಟಕಿ ಮುಚ್ಚಿ, ಪಕ್ಕದಲ್ಲಿಟ್ಟುಕೊಂಡು ಮಲಗುವುದು? ದಯವಿಟ್ಟು ಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತ ಮೇಲೂ ಬರುತ್ತಲೇ ಇರುತ್ತದೆ. ಮಲಗಿದವರು ಮಲಗಿದಂತೆಯೇ ಹೋಗಿಬಿಡಬಹುದು. ಕರೆಂಟ್ ಹೀಟರಿಗೆ ಖರ್ಚು ಹೆಚ್ಚಾದರೂ ಈ ಭಯವಿಲ್ಲ.

ಅಂಗಡಿಗೆ ಹೋದರೆ ಮೂರು ಬಗೆ ತೋರಿಸುತ್ತಾರೆ: ಕೆಂಪಗೆ ಕಾಯುವ ರಾಡ್ ಹೀಟರ್, ಬಿಸಿಗಾಳಿ ಊದುವ ಫ್ಯಾನ್ ಹೀಟರ್, ಎಣ್ಣೆ ತುಂಬಿದ ರೇಡಿಯೇಟರ್. ನಮ್ಮ ಪಕ್ಕದ ಮನೆಯ ಅಜ್ಜಿ, "ಆ ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಾಕಬೇಕಪ್ಪಾ?" ಎಂದು ಕೇಳಿದ್ದರು. ಹಾಕುವುದೇ ಬೇಡ, ಅದು ಒಳಗೇ ಮುಚ್ಚಿಟ್ಟ ಎಣ್ಣೆ, ಖರ್ಚಾಗುವುದಿಲ್ಲ. ಆದರೆ ಎಣ್ಣೆಯದು ಕಡಿಮೆ ಕರೆಂಟಿಗೆ ಹೆಚ್ಚು ಶಾಖ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾವಿರ ವ್ಯಾಟಿನ ಯಾವ ಹೀಟರನ್ನೇ ಒಂದು ಗಂಟೆ ಉರಿಸಿ, ಒಂದು ಯೂನಿಟ್ ಆಗುತ್ತದೆ, ಬರುವ ಶಾಖವೂ ಅಷ್ಟೇ. ವ್ಯತ್ಯಾಸವಿರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ.

ರಾಡ್ ಹೀಟರ್ ಎದುರಿಗೆ ಕೂತವರನ್ನು ಬೆಂಕಿಯಂತೆ ನೇರವಾಗಿ ಕಾಯಿಸುತ್ತದೆ. ತಗಡಿನ ಮಾಡು, ಕೆಳಗೆ ಸೀಲಿಂಗ್ ಇಲ್ಲದ ಮನೆಗೆ ಇದೇ ಸರಿ. ಅಲ್ಲಿ ಗಾಳಿಯನ್ನು ಬಿಸಿಮಾಡಿದರೆ ಅದು ಮೇಲೆದ್ದು ತಗಡಿಗೇ ಹೋಗುತ್ತದೆ. ಫ್ಯಾನಿನದು ಸ್ನಾನ ಮುಗಿಸಿ ಬಂದ ಮಗುವಿಗೆ ಹತ್ತು ನಿಮಿಷಕ್ಕೆ ಚೆನ್ನ, ರಾತ್ರಿಯಿಡೀ ಅದರ ಸದ್ದು ಸಹಿಸಲಾಗದು. ಎಣ್ಣೆಯದು ಕಾಯಲು ಅರ್ಧ ಗಂಟೆ ಬೇಕು, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಸೀಲಿಂಗ್ ಇರುವ, ಬಾಗಿಲು ಸರಿಯಾಗಿ ಮುಚ್ಚುವ ಮಲಗುವ ಕೋಣೆಗೆ ನಾನು ಅದನ್ನೇ ಹೇಳುತ್ತೇನೆ. ಥರ್ಮೋಸ್ಟಾಟ್ ಇರುವುದನ್ನೇ ಕೇಳಿ. ಸಾಕಷ್ಟು ಬೆಚ್ಚಗಾದಾಗ ತಾನೇ ನಿಲ್ಲುತ್ತದೆ.

ಹತ್ತಡಿ ಉದ್ದ ಹತ್ತಡಿ ಅಗಲದ ಅಂಥ ಕೋಣೆಗೆ 1,000 ವ್ಯಾಟ್ ಸಾಕು. ಹಳೆಯ ಬಂಗಲೆಗಳ ಎತ್ತರದ ಕೋಣೆಯಾದರೆ 1,500 ಬೇಕು. ಒಂದು ಮಾತು, ಚಳಿಗಾಲದ ಸಂಜೆ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಸಾವಿರ ವ್ಯಾಟಿನದು ಸುಮಾರು 600 ವ್ಯಾಟಿನಷ್ಟೇ ಶಾಖ ಕೊಡುತ್ತದೆ. ಹೀಟರ್ ಕೆಟ್ಟಿತೆಂದು ಅಂಗಡಿಯವರೊಡನೆ ಜಗಳಕ್ಕೆ ಹೋಗುವ ಮೊದಲು ಇದನ್ನು ನೆನೆಯಿರಿ.

ದೊಡ್ಡದೇ ಒಳ್ಳೆಯದೆಂದು ನಾನೂ ಒಮ್ಮೆ 2,000 ವ್ಯಾಟಿನದು ತಂದೆ. ಅದು ಎಳೆಯುವುದು ಒಂಬತ್ತು ಆಂಪಿಯರಿನ ಹತ್ತಿರ. ನಾನು ಸಿಕ್ಕಿಸಿದ್ದು ರೇಡಿಯೋಗೆಂದು ಇಟ್ಟಿದ್ದ ಎಕ್ಸ್‌ಟೆನ್ಶನ್ ವೈರಿಗೆ. ರಬ್ಬರ್ ಸುಟ್ಟ ವಾಸನೆಗೆ ಹೆಂಡತಿ ಎದ್ದಳು. ಇಲ್ಲದಿದ್ದರೆ ಇಂದು ನಿಮ್ಮೊಡನೆ ಮಾತನಾಡುತ್ತಿರಲಿಲ್ಲ. ದೊಡ್ಡ ಪ್ಲಗ್ಗಿನ 15 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್ ಇಲ್ಲದ ಕೋಣೆಗೆ ಮೊದಲು ಎಲೆಕ್ಟ್ರೀಷಿಯನ್ನನ್ನು ಕರೆಸಿ, ಹೀಟರ್ ಆಮೇಲೆ. ಮಗುಚಿ ಬಿದ್ದರೆ ತಾನೇ ಆರುವ ಸ್ವಿಚ್ ಇದೆಯೇ ಎಂದು ಅಂಗಡಿಯಲ್ಲೇ ವಾಲಿಸಿ ನೋಡಿ.

ಬಿಲ್ಲಿನ ವಿಷಯ. ತಮಿಳುನಾಡಿನಲ್ಲಿ ಎರಡು ತಿಂಗಳಿಗೊಮ್ಮೆ ಲೆಕ್ಕ, ಮನೆಗಳಿಗೆ ಮೊದಲ 100 ಯೂನಿಟ್ ಉಚಿತ. ಸಾವಿರ ವ್ಯಾಟಿನದನ್ನು ದಿನಕ್ಕೆ ಎರಡು ಗಂಟೆ ಉರಿಸಿದರೆ ಅರವತ್ತು ದಿನಕ್ಕೆ 120 ಯೂನಿಟ್, ಉಚಿತದ್ದೆಲ್ಲ ಅದಕ್ಕೇ ಹೋಯಿತು. ಬಾಗಿಲಡಿಯ ಸಂದಿಗೆ ಹಳೆಯ ಗೋಣಿಚೀಲ ಸುತ್ತಿಟ್ಟರೆ ಸ್ವಲ್ಪ ಉಳಿಯುತ್ತದೆ.

ಇನ್ನು ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನು ಹೀಟರಿನ ಮೇಲೆ ಹರವುವ ಆಸೆ ಎಲ್ಲರಿಗೂ ಇರುತ್ತದೆ. ಬಟ್ಟೆ ಹೊತ್ತಿಕೊಂಡೀತು, ಮೂರಡಿ ದೂರ ಹಗ್ಗ ಕಟ್ಟಿ ಹಾಕಿ, ಹೀಟರ್ ಉರಿಯುವಾಗ ಅಲ್ಲೇ ಇರಿ.