ತರಂಗದ ಚಿತ್ರ ಓರೆಯಾಗಿ ಕಂಡಾಗ



ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳುವ ಹವ್ಯಾಸ ನಿಮ್ಮಲ್ಲಿ ಕೆಲವರಿಗೆ ಇರಬಹುದು. ನುಡಿಸಿ ಮುಗಿಸಿ ಪರದೆಯ ಮೇಲಿನ ಚಿತ್ರ ನೋಡುತ್ತೀರಿ. ನಡುಗೆರೆಯ ಮೇಲೆ ತರಂಗ ಎತ್ತರವಾಗಿದೆ, ಕೆಳಗೆ ಗಿಡ್ಡವಾಗಿದೆ. ಪಠ್ಯಪುಸ್ತಕದ ಸೈನ್ ತರಂಗ ಹಾಗಿರಲಿಲ್ಲವಲ್ಲ! ಗಿಟಾರ್ ಕೆಟ್ಟಿತೇ, ಕೇಬಲ್ ಹಾಳಾಯಿತೇ ಎಂಬ ಆತಂಕ ಹುಟ್ಟುತ್ತದೆ. ಚೆನ್ನಾಗಿ ನುಡಿಸಿದ್ದನ್ನು ಅಳಿಸಿಬಿಡುವವರಿದ್ದಾರೆ. ಹಣ ತೆತ್ತು ಹೊಸ ಉಪಕರಣ ತರುವವರೂ ಇದ್ದಾರೆ. ಅದಕ್ಕೆ ಮುನ್ನ ಆ ಚಿತ್ರ ಏನು ಹೇಳುತ್ತಿದೆ ಎಂದು ವಿಚಾರಿಸೋಣ.

ಗಿಟಾರಿನ ಪಿಕಪ್ ಎಂದರೆ ಕಾಂತ ಮತ್ತು ಅದರ ಸುತ್ತ ಸುತ್ತಿದ ತೆಳುವಾದ ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವವೇ ಇದು. ಆದರೆ ತಂತಿ ಒಂದೇ ಆವರ್ತದಲ್ಲಿ ಕಂಪಿಸುವುದಿಲ್ಲ. ಅತ್ಯಂತ ದಪ್ಪ ತಂತಿಯ ಮೂಲ ಆವರ್ತ ಸುಮಾರು 82 ಹರ್ಟ್ಸ್. ಅದರೊಡನೆ ಸುಮಾರು 165, 247 ಹರ್ಟ್ಸ್‌ಗಳ ಉಪಸ್ವರಗಳೂ ಮೊಳಗುತ್ತವೆ. ನಾವು ನೋಡುವ ಚಿತ್ರ ಇವೆಲ್ಲದರ ಮೊತ್ತ.

ಒಂದು ಗ್ರಾಫ್ ಕಾಗದ ತೆಗೆದುಕೊಳ್ಳಿ. ಎತ್ತರ 1 ಇರುವ ಕೊಸೈನ್ ತರಂಗ ಬರೆಯಿರಿ. ಎರಡರಷ್ಟು ಆವರ್ತದ, ಅರ್ಧ ಎತ್ತರದ ಇನ್ನೊಂದು ಕೊಸೈನ್ ತರಂಗವನ್ನು ಅದಕ್ಕೆ ಕೂಡಿಸಿ. ಮೊತ್ತ ಮೇಲಕ್ಕೆ 1.5ರವರೆಗೆ ಏರುತ್ತದೆ, ಕೆಳಗೆ 0.75ರವರೆಗೆ ಮಾತ್ರ ಇಳಿಯುತ್ತದೆ. ಮೇಲ್ಭಾಗ ಎತ್ತರ ಮತ್ತು ಕಿರಿದು, ಕೆಳಭಾಗ ಗಿಡ್ಡ ಮತ್ತು ಅಗಲ; ಎರಡರ ವಿಸ್ತೀರ್ಣ ಸಮ. ಇಲ್ಲಿ ಯಾವ ದೋಷವೂ ಇಲ್ಲ. ಅದೇ ಎರಡನ್ನು ಸೈನ್ ತರಂಗಗಳಾಗಿ ಬರೆದು ಕೂಡಿಸಿದರೆ ಮೇಲು ಕೆಳಗು ಸರಿಸಮವಾಗುತ್ತವೆ. ಆಶ್ಚರ್ಯವೆಂದರೆ, ಕಣ್ಣಿಗೆ ಬೇರೆಯಾಗಿ ಕಾಣುವ ಈ ಎರಡೂ ಕಿವಿಗೆ ಬಹುಮಟ್ಟಿಗೆ ಒಂದೇ.

ಹಾಗಾದರೆ ನಿಜವಾದ ದೋಷವನ್ನು ಗುರುತಿಸುವುದು ಹೇಗೆ?

ಮೊದಲು, ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದು ಮೌನವನ್ನು ಮುದ್ರಿಸಿ. ಗೆರೆ ಸೊನ್ನೆಯ ಮೇಲೆಯೇ ಇದ್ದರೆ ಕ್ಷೇಮ. ಅದು ಸೊನ್ನೆಯಿಂದ ಸರಿದು ನಿಂತಿದ್ದರೆ ಉಪಕರಣ ಸ್ಥಿರವಾದ ವೋಲ್ಟೇಜನ್ನು ಸೇರಿಸುತ್ತಿದೆ, ಇದನ್ನು ಡಿ.ಸಿ. ಆಫ್‌ಸೆಟ್ ಎನ್ನುತ್ತಾರೆ. 20 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಹಾಕಿದರೆ ಸಾಕು. ಗಿಟಾರಿನ ಸ್ವರ ಅದಕ್ಕಿಂತ ಬಹಳ ಮೇಲಿರುವುದರಿಂದ ನಷ್ಟವಿಲ್ಲ.

ಆ ಮೌನದಲ್ಲಿಯೇ 20 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ ಅಲೆ ಕಂಡರೆ, ಅದು ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗಾಟ. ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿ. ಸದ್ದು ಹೆಚ್ಚು ಕಡಿಮೆಯಾದರೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಇಲ್ಲವೇ ಅಡಾಪ್ಟರಿನ ಕಾಂತಕ್ಷೇತ್ರವನ್ನು ಪಿಕಪ್ ಹಿಡಿಯುತ್ತಿದೆ ಎಂದು ತಿಳಿಯಿರಿ. ಅಲ್ಲಿಂದ ದೂರ ಸರಿಯುವುದೇ ಮದ್ದು.

ಮೂರನೆಯದು, ಚಿತ್ರವನ್ನು ಹಿಗ್ಗಿಸಿ ನೋಡಿ. ಶಿಖರಗಳು ಚಾಕುವಿನಿಂದ ಕೊಯ್ದಂತೆ ಚಪ್ಪಟೆಯಾಗಿವೆಯೇ? ಹಾಗಿದ್ದರೆ ಸಂಕೇತ ಮಿತಿ ಮೀರಿದೆ. ಮುದ್ರಣದ ಮಟ್ಟ ತಗ್ಗಿಸಿ ಮತ್ತೆ ನುಡಿಸಿ. ಚಪ್ಪಟೆ ತಲೆ ಮಾಯವಾದರೆ ತಪ್ಪು ಆ ಗುಂಡಿಯಲ್ಲಿತ್ತು. ಎತ್ತರ ತಗ್ಗಿದರೂ ಚಪ್ಪಟೆತನ ಉಳಿದರೆ ಕಾರಣ ಅದಕ್ಕೂ ಹಿಂದಿದೆ: ಪೆಡಲ್ ಇರಬಹುದು, ಇಲ್ಲವೇ ಬ್ಯಾಟರಿಯಿಂದ ನಡೆಯುವ ಪಿಕಪ್ ಆಗಿದ್ದರೆ ಅದರ ಬ್ಯಾಟರಿ ಸೋತಿರಬಹುದು. ಡಿಸ್ಟಾರ್ಷನ್ ಪೆಡಲಿನ ಕೆಲಸವೇ ಶಿಖರಗಳನ್ನು ಕತ್ತರಿಸುವುದು ಎಂಬುದನ್ನೂ ಮರೆಯಬೇಡಿ.

ಒಂದು ಬಾರಿಗೆ ಒಂದನ್ನೇ ಬದಲಿಸಿ. ಕೇಬಲನ್ನೂ ಪೆಡಲನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದೀತು, ಆದರೆ ಕಾರಣ ತಿಳಿಯದು. ನಿಮ್ಮ ಶಾಲೆಯ ಪ್ರಯೋಗಾಲಯದ ನಿಯಮವೂ ಇದೇ ಅಲ್ಲವೇ?

ಈ ಮೂರು ಪರೀಕ್ಷೆಗಳಲ್ಲೂ ತೇರ್ಗಡೆಯಾಗಿ, ಕಿವಿಗೂ ಹಿತವಾಗಿದ್ದರೆ, ಓರೆಯಾಗಿ ಕಂಡ ಆ ತರಂಗವನ್ನು ಹಾಗೆಯೇ ಉಳಿಸಿಕೊಳ್ಳಿ. ಪ್ರಶ್ನೆ ಕೇಳುವುದು ಕಣ್ಣಿನ ಕೆಲಸ. ತೀರ್ಪು ಕೊಡಬೇಕಾದದ್ದು ಪರೀಕ್ಷೆ ಮತ್ತು ಕಿವಿ.